ಅಪ್ಪನಿಗೆ ಹೇಳು, ಅಮ್ಮನಿಗೆ ಹೇಳು

ಅವರಿಬ್ಬರ ಮೊದಲ ಭೇಟಿ ಜಗಳದಲ್ಲೇ ಆಗಿತ್ತು. ಕೆಟ್ಟು ನಿಂತ ಲಿಫ್ಟಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದ ಅವಳು, ಬಾಗಿಲು ತೆರೆದ ಮೆಕ್ಯಾನಿಕ್ಕನನ್ನು ಬಾಯಿಗೆ ಬಂದಂತೆ ಬೈದಳು. ಅವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡು, "ಇನ್ನೇನಾದ್ರೂ ಬಾಕಿ ಇದೆಯಾ?" ಎಂದ. ನಗು ತಡೆಯಲಾಗದೆ ಅವಳು ಮುಖ ತಿರುಗಿಸಿದಳು. ಓರೆಗಣ್ಣಿನಲ್ಲಿ ಅವನು ಅದನ್ನೂ ನೋಡಿಬಿಟ್ಟಿದ್ದ.

ಅದಾಗಿ ನಾಲ್ಕು ವರ್ಷ. ಅವಳಿಗೀಗ ಮೂವತ್ತೆರಡು, ಕನ್ನಡಕದ ಅಂಗಡಿಯಲ್ಲಿ ಕೆಲಸ, ಇನ್ನೂ ಅಜ್ಜಿಯ ಕೋಣೆಯಲ್ಲೇ ಹಾಸಿಗೆ. ಅವನಿಗೆ ಮೂವತ್ತೈದು, ಅಪ್ಪ-ಅಮ್ಮನ ಜೊತೆಗೇ ವಾಸ. ಮದುವೆಯಾಗಿ ಬೇರೆ ಮನೆ ಮಾಡುವಷ್ಟು ಹಣ ಕೈಯಲ್ಲಿ ಕೂಡಲಿ ಎಂದು ಇಬ್ಬರೂ ಹಲ್ಲು ಕಚ್ಚಿಕೊಂಡು ಕಾದಿದ್ದರು. ಕೊನೆಗೂ ಕೂಡಿತು. ಅಡುಗೆಮನೆಗೆ ಬಿಸಿಲು ಬೀಳುವ, ಎರಡು ಕೋಣೆಯ ಬಾಡಿಗೆ ಮನೆಯೂ ಸಿಕ್ಕಿತು. ಇನ್ನು ಅವನು ಮನೆಯಲ್ಲಿ ಬಾಯಿ ಬಿಡಬೇಕು, ಅಷ್ಟೇ.

"ಭಾನುವಾರ ಊಟಕ್ಕೆ ಬಾ. ನಿನ್ನೆದುರಿಗೇ ಹೇಳ್ತೀನಿ," ಎಂದಿದ್ದ.

ಊಟಕ್ಕೆ ಕೂತ ಮೇಲೆ ಅವಳಿಗೆ ಆ ಮನೆಯ ರೀತಿ ಗೊತ್ತಾಯಿತು.

"ಉಪ್ಪು ಬೇಕಾ ಅಂತ ಅಪ್ಪನ್ನ ಕೇಳು," ಎಂದರು ಅವನಮ್ಮ. ಅಪ್ಪ ಕೂತಿದ್ದುದು ಅವರಿಂದ ಒಂದೇ ಮೊಳ ದೂರದಲ್ಲಿ.

"ಅಪ್ಪ, ಉಪ್ಪು ಬೇಕಾ?"

"ಸರಿಯಾಗೇ ಇದೆ ಅಂತ ನಿಮ್ಮಮ್ಮಂಗೆ ಹೇಳು."

"ಸರಿಯಾಗಿದೆಯಂತಮ್ಮ."

ತಮಾಷೆ ಎಂದುಕೊಂಡು ಅವಳು ನಕ್ಕಳು. ಬೇರೆ ಯಾರೂ ನಗಲಿಲ್ಲ. ಕೈ ತೊಳೆಯಲು ಹೋದಾಗ ಅವನು ಮೆಲ್ಲಗೆ ಹೇಳಿದ: "ಹನ್ನೊಂದು ವರ್ಷ ಆಯ್ತು. ಯಾಕೆ ಮಾತು ಬಿಟ್ರು ಅಂತ ಅವರಿಗೇ ಮರ್ತುಹೋಗಿದೆ."

"ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ?"

ಅಷ್ಟರಲ್ಲಿ ಫೋನ್ ಬಂದು ಅವನು ಹೊರಗೆ ಹೋದ. ಉಳಿದ ಮೂವರ ನಡುವೆ ಫ್ಯಾನಿನ ಸದ್ದೊಂದೇ. ಅವನಮ್ಮ ಮಾತ್ರೆಯ ಡಬ್ಬಿಯನ್ನು ಅವಳ ಕೈಗಿಟ್ಟರು. "ಊಟ ಆದ್ಮೇಲಿಂದು ತಗೊಳ್ಳೋಕೆ ಹೇಳಮ್ಮ ಅವರಿಗೆ."

ಅವಳು ಹಾಗೆಯೇ ಹೇಳಿ ಡಬ್ಬಿ ದಾಟಿಸಿದಳು. ಈ ಹೆಂಗಸಿಗೆ ಗಂಡನ ಮೇಲೆ ಜೀವ. ಮಗ ಹೊರಟುಹೋದರೆ ಇಷ್ಟು ಮಾತೂ ಗಂಟಲಲ್ಲೇ ಉಳಿಯುತ್ತದೆ.

ಸಂಜೆ ಅವಳನ್ನು ಬಿಡಲು ಅವನು ಮೆಟ್ಟಿಲಿಳಿದು ಬಂದ.

"ಹೇಳ್ಲೇ ಇಲ್ವಲ್ಲ ನೀನು."

"ನಾನು ಹೊರಟ್ರೆ ಅಮ್ಮನ ಬಾಯೇ ಬಿದ್ದುಹೋಗುತ್ತೆ ಕಣೇ. ಅಪ್ಪ ಅಂತೂ..."

"ಹಾಗಾದ್ರೆ ನಾನೇ ಇಲ್ಲಿಗೆ ಬರ್ಲಾ?"

"ಬೇಡ. ನನ್ನ ಪಾಡು ನಿಂಗೆ ಬೇಡ."

"ಅವರದ್ದೆಲ್ಲಾ ಹೇಳಿದ್ದಾಯ್ತು. ನಿಂದು ಹೇಳು. ನಿಂಗೇನು ಬೇಕು?"

ಅವನು ಅವಳ ಹುಬ್ಬು, ಕೆನ್ನೆ, ತುಟಿ, ಒಂದೊಂದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವವನಂತೆ ನೋಡಿದ.

"ನೀನು," ಎಂದ. "ಮೊದಲನೇ ದಿನದಿಂದ ನೀನೊಬ್ಳೇ."

ನಾಲ್ಕು ವರ್ಷದಲ್ಲಿ ಅವನು ಬಾಯಿಬಿಟ್ಟು ಹೀಗೆ ಹೇಳಿದ್ದು ಇದೇ ಮೊದಲು. ಅವಳ ಕಣ್ಣು ತುಂಬಿ ಬಂತು. ಅವನ ಕೈ ಹಿಡಿದಳು.

ಮೇಲಿನ ಕಿಟಕಿಯಿಂದ ಕೂಗು ಬಂತು: "ಏನೋ, ಅಪ್ಪ ಟೀ ಕುಡೀತಾರಾ ಕೇಳೋ!"

"ಬಂದೆ ಅಮ್ಮ!" ಎಂದು ಅವನ ಬಾಯಿ ತಾನಾಗಿಯೇ ಹೇಳಿತು. ಕೈ ಬಿಡಿಸಿಕೊಂಡು, "ಒಂದೇ ನಿಮಿಷ," ಎಂದು ಅವನು ಮೆಟ್ಟಿಲು ಹತ್ತಿದ. ಅಪ್ಪನನ್ನು ಕೇಳುವ ದನಿ, ಅಮ್ಮನಿಗೆ ಉತ್ತರ ಹೇಳುವ ದನಿ, ಎರಡೂ ಕೆಳಗಿನವರೆಗೂ ಕೇಳಿಸಿದವು.

ಅವಳು ಬೀದಿಗೆ ಬಂದು ಆ ಎರಡು ಕೋಣೆಯ ಮನೆಯ ಮಾಲೀಕರಿಗೆ ಫೋನ್ ಮಾಡಿದಳು. "ಮನೆ ಬೇರೆಯವರಿಗೆ ಕೊಟ್ಬಿಡಿ ಸಾರ್. ನಾವು ಬರಲ್ಲ," ಎಂದಳು. 'ನಾವು' ಎನ್ನುವಾಗ ಮಾತ್ರ ದನಿ ನಡುಗಿತು.