ಚುಕ್ಕೆ ನೋಡಬಾರದು

“ಕ್ಲಿಪ್ ತೆಗಿ, ಓಲೆ ತೆಗಿ. ಜೇಬಲ್ಲಿ ಏನಾದ್ರೂ ಇದ್ಯಾ?” ಸ್ಕ್ಯಾನ್ ಮಾಡುವ ಅಕ್ಕ ಕೇಳಿದಳು. “ಈ ಮಷಿನ್ ಒಂದು ದೊಡ್ಡ ಅಯಸ್ಕಾಂತ. ಕಬ್ಬಿಣ ಕಂಡ್ರೆ ಬಿಡಲ್ಲ.”

ಚೂಟಿ ಎಲ್ಲವನ್ನೂ ಬಿಚ್ಚಿ ಟ್ರೇಗೆ ಹಾಕಿದಳು. ಹೊರಗಿನ ಬೆಂಚಿನ ಮೇಲೆ ಅಮ್ಮನ ಜೊತೆ ಗುಂಡ ಕೂತಿದ್ದ. ಅವನು ಅವಳ ಅವಳಿ ತಮ್ಮ, ಕೆಲವೇ ನಿಮಿಷ ಚಿಕ್ಕವನು.

ಹೋದ ವರ್ಷ ಗುಂಡ ಸೈಕಲ್‌ನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಗಾಯ ಮಾಯಿತು, ಬೋಳಿಸಿದ ಕೂದಲೂ ಬೆಳೆಯಿತು. ಆದರೆ ಅವನ ಕಣ್ಣು ಮಾತ್ರ ನಿಂತ ಕಡೆ ನಿಲ್ಲುತ್ತಿರಲಿಲ್ಲ. ಪರದೆ ಅಲ್ಲಾಡಿದರೆ ಅತ್ತ, ನೊಣ ಹಾರಿದರೆ ಇತ್ತ. ಕ್ಲಾಸಿನಲ್ಲಿ ಅವನು ಬೈಸಿಕೊಳ್ಳದ ದಿನವಿಲ್ಲ.

“ಅವ್ನು ಬೇಕಂತಲೇ ಮಾಡ್ತಾನಮ್ಮ,” ಎಂದು ಚೂಟಿ ಮನೆಯಲ್ಲಿ ಹೇಳಿದ್ದಳು. ಆಮೇಲೆ ಅವನ ಪಕ್ಕ ಕೂರುವುದನ್ನೇ ಬಿಟ್ಟಿದ್ದಳು.

ಗುಂಡನ ಸ್ಕ್ಯಾನ್ ನಿನ್ನೆ ಮುಗಿದಿತ್ತು. ಪೆಟ್ಟು ಬೀಳದ ಮೆದುಳು ಹೇಗೆ ಕೆಲಸ ಮಾಡುತ್ತದೆ ಎಂದೂ ಡಾಕ್ಟರ್ ಆಂಟಿ ನೋಡಬೇಕಿತ್ತು. ಅದಕ್ಕೇ ಇವತ್ತು ಚೂಟಿಯ ಸರದಿ.

“ಒಳಗಡೆ ಒಂದು ಪರದೆ ಕಾಣುತ್ತೆ. ಅದ್ರಲ್ಲಿ ಎಡಗಡೆ ಚುಕ್ಕೆ ಬಂದ್ರೆ ಬಲಗಡೆ ನೋಡು. ಬಲಗಡೆ ಬಂದ್ರೆ ಎಡಗಡೆ. ಚುಕ್ಕೆ ಮಾತ್ರ ನೋಡಬಾರದು. ನಿನ್ನ ಕಣ್ಣು ಎತ್ತ ಹೋಗುತ್ತೆ ಅಂತ ಕ್ಯಾಮೆರಾ ನೋಡ್ತಿರುತ್ತೆ. ಗೊತ್ತಾಯ್ತಾ?” ಡಾಕ್ಟರ್ ಆಂಟಿ ಕೇಳಿದರು.

“ಅಷ್ಟೇನಾ? ಇದೇನ್ ಮಹಾ!”

ಮಂಚ ಮೆಲ್ಲಗೆ ಸರಿದು ಅವಳನ್ನು ಮಷಿನ್ನಿನ ಒಳಗೆ ಒಯ್ದಿತು. ಟಕ್ ಟಕ್, ಗರ್ರ್ ಎಂದು ಶುರುವಾದ ಸದ್ದು ಹತ್ತಿ ತುರುಕಿದ ಕಿವಿಗೂ ಕೇಳಿಸಿತು. ಮುಖದ ಮೇಲಿದ್ದ ಪುಟ್ಟ ಕನ್ನಡಿಯಲ್ಲಿ ಕಪ್ಪು ಪರದೆ ಕಂಡಿತು.

ಎಡಗಡೆ ಚುಕ್ಕೆ ಮಿಂಚಿತು. ಚೂಟಿಯ ಕಣ್ಣು ಎಡಕ್ಕೇ ಹಾರಿತು. ಅಯ್ಯೋ! ಬಲಗಡೆ ಮಿಂಚಿತು. ಕಣ್ಣು ಬಲಕ್ಕೆ ಓಡಿಬಿಟ್ಟಿತು. ಈ ಸಲ ನೋಡಲ್ಲ, ನೋಡಲ್ಲ ಎಂದು ಹಲ್ಲು ಕಚ್ಚಿದಳು. ಒಮ್ಮೊಮ್ಮೆ ಗೆದ್ದಳು. ಮತ್ತೆ ಮತ್ತೆ ಸೋತಳು. ಮಂಚ ಹೊರಗೆ ಬಂದ ಕೂಡಲೇ ಎದ್ದು ಕೂತಳು.

“ನಾನು ಬೇಕಂತ ಮಾಡ್ಲಿಲ್ಲ ಆಂಟಿ!”

“ಗೊತ್ತು ಪುಟ್ಟಿ. ನೋಡೋದು ಸುಲಭ, ಕಣ್ಣು ತಾನಾಗೇ ಓಡುತ್ತೆ. ನೋಡದೇ ಇರೋದೇ ಕಷ್ಟ. ಅದನ್ನ ತಡಿಯೋಕೆ ಮೆದುಳು ಇಲ್ಲಿ ದುಡೀಬೇಕು.” ಡಾಕ್ಟರ್ ಕಂಪ್ಯೂಟರಿನಲ್ಲಿದ್ದ ಬೂದು ಬಣ್ಣದ ಚಿತ್ರದಲ್ಲಿ ಹಣೆಯ ಹಿಂದಿನ ಜಾಗಕ್ಕೆ ಬೆರಳಿಟ್ಟರು.

ಚೂಟಿ ಚಿತ್ರದ ಹತ್ತಿರಕ್ಕೆ ಬಾಗಿದಳು. “ಗುಂಡಂಗೆ ಪೆಟ್ಟಾಗಿರೋದೂ ಅಲ್ಲೇನಾ?”

“ಹೂಂ, ಅಲ್ಲೇ. ನಿನ್ನೆ ಅವ್ನು ಎಷ್ಟೋ ಸಲ ತಪ್ಪಿದ. ಆದ್ರೆ ತಪ್ಪಿದಾಗೆಲ್ಲ ಕಣ್ಣನ್ನ ವಾಪಸ್ ಎಳ್ಕೊಂಡು ಬಂದ.”

“ಸರಿ ಹೋಗುತ್ತಾ?”

“ಈಗಲೇ ಹೇಳೋಕಾಗಲ್ಲ. ನಿಮ್ಮ ಮೆದುಳು ಇನ್ನೂ ಬೆಳೀತಾ ಇದೆ. ನೋಡೋಣ.”

ಅಮ್ಮ ಮಾತಾಡಲು ಡಾಕ್ಟರ್ ರೂಮಿಗೆ ಹೋದರು. ಚೂಟಿ ಬಂದು ಬೆಂಚಿನ ಮೇಲೆ ಗುಂಡನ ಪಕ್ಕ ಕೂತಳು.

“ಹೆದ್ರಿಕೆ ಆಯ್ತಾ?” ಅವನು ಕೇಳಿದ.

“ಇಲ್ಲ. ಆದ್ರೆ ನನ್ನ ಕಣ್ಣು ನನ್ನ ಮಾತೇ ಕೇಳ್ಲಿಲ್ಲ ಕಣೋ.”

“ನಿಂಗೂನಾ?” ಗುಂಡನ ಮುಖ ಅರಳಿತು. “ನಾನ್ ಒಳಗಡೆ ಇದ್ನಲ್ಲ, ಆಗ ಏನಾಯ್ತು ಗೊತ್ತಾ...”

ಅಷ್ಟರಲ್ಲಿ ಕಾರಿಡಾರಿನಲ್ಲಿ ಔಷಧಿಯ ಟ್ರಾಲಿಯೊಂದು ಗಡಗಡ ಬಂತು. ಗುಂಡನ ಮಾತು ಅಲ್ಲೇ ತುಂಡಾಯಿತು. ಕಣ್ಣು ಟ್ರಾಲಿಯ ಬೆನ್ನು ಹತ್ತಿತು.

ಇಲ್ಲಿ ನೋಡೋ ಎನ್ನಲು ಚೂಟಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ಬಾವಿಯಿಂದ ತುಂಬಿದ ಕೊಡ ಸೇದುವವರ ಹಾಗೆ ಗುಂಡ ತನ್ನ ಕಣ್ಣನ್ನು ಎಳೆಯುತ್ತಿದ್ದ. ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಇಷ್ಟು ದಿನ ಅದು ಅವಳಿಗೆ ಕಂಡೇ ಇರಲಿಲ್ಲ. ಅವಳು ಕಾದಳು. ಕೊನೆಗೂ ಅವನ ಕಣ್ಣು ಅವಳ ಮುಖಕ್ಕೆ ಬಂದು ನಿಂತಿತು.

“ಏನ್ ಹೇಳ್ತಿದ್ದೆ ನಾನು?”

“ಒಳಗಡೆ ಇದ್ದಾಗ ಏನೋ ಆಯ್ತು ಅಂದೆ,” ಎಂದಳು ಚೂಟಿ. “ಹೇಳು. ಕೇಳ್ತಿದ್ದೀನಿ.”