ಕೆಸರಿನ ಆಚೆ ದಡ

ಮಲಪ್ರಭಾ ಒದ್ದೆ ಬಟ್ಟೆ ಹಿಂಡಿ, ತಟ್ಟೆಯ ಅಂಚಿಗೆ ಒಣಗಿ ಹಿಡಿದಿದ್ದ ಕೆಸರನ್ನು ಸದ್ದಿಲ್ಲದೆ ಒರೆಸುತ್ತಿದ್ದಳು. ಬೆಳಗಾವಿಯ ಭೂತಾಪ ದರ್ಶನಾಲಯಕ್ಕೆ ಜನ ಬರಲು ಇನ್ನೂ ಅರ್ಧ ಗಂಟೆಯಿತ್ತು. ಗಾಡಿಯ ಚಕ್ರದಷ್ಟು ಅಗಲದ ತಟ್ಟೆಯಲ್ಲಿ ಬೂದುಬಣ್ಣದ ಕೆಸರು ಜೋಳದ ನುಚ್ಚಿನಂತೆ ಕುದಿಯುತ್ತಿತ್ತು. ಗುಳ್ಳೆಯೊಂದು ಉಬ್ಬಿ, ತೆಳುವಾಗಿ, ಒಡೆದು, ಬಳೆಯಂಥ ಗುರುತು ಬಿಟ್ಟು ಅಡಗುತ್ತಿತ್ತು. ಮುಟ್ಟಿದರೆ ಮಾತ್ರ ತಣ್ಣಗೆ.

ಇದು ದೂರಸ್ಪಂದಕ. ಐಸ್‌ಲ್ಯಾಂಡಿನ ಒಂದು ಕುದಿಗೆಸರಿನ ಹೊಂಡದಲ್ಲಿ ತೇಲುವ ಫಲಕ ಅಲ್ಲಿಯ ಮಿಡಿತವನ್ನೆಲ್ಲ ಗ್ರಹಿಸಿ ಕಳುಹಿಸುತ್ತದೆ. ಇಲ್ಲಿ ತಟ್ಟೆಯ ತಳದ ಸಾವಿರ ಸಣ್ಣ ಕೊಳವೆಗಳು ಅದೇ ಗುಳ್ಳೆಯನ್ನು ಎಬ್ಬಿಸುತ್ತವೆ. ಪಕ್ಕದ ಗಾಜಿನ ಕಂಬದಲ್ಲಿ ಕಮ್ಚಾಟ್ಕಾದ ಬಿಸಿನೀರ ಬುಗ್ಗೆ ನೀಲಿ ಗುಮ್ಮಟವಾಗಿ ಉಬ್ಬಿ, ಉಸಿರು ಹಿಡಿದು, ಒಮ್ಮೆಗೇ ಚಿಮ್ಮುತ್ತದೆ. ಆದರೆ ಕೆಸರಿನ ಹದ ಯಾವ ಯಂತ್ರಕ್ಕೂ ಸಿಗಲಿಲ್ಲ. ಅದಕ್ಕೇ ಖಾನಾಪುರದ ಕುಂಬಾರರ ಮನೆಯ ಮಲಪ್ರಭಾಳನ್ನು ಕರೆತಂದಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿ; ಮಾತು ಕಡಿಮೆ.

ದೂರಸ್ಪಂದಕವನ್ನು ರೂಪಿಸಿದ ವಿಜ್ಞಾನಿ ಡಾ. ವೈಜಯಂತಿ ಐಸ್‌ಲ್ಯಾಂಡಿನಿಂದ ಬಂದ ವರದಿಯ ಒಂದು ಹಾಳೆ ಹಿಡಿದು ಬಂದರು.

"ಮಲಪ್ರಭಾ, ದಿನಾ ಸಂಜೆ ಈ ಕೆಸರಿಗೆ ಏನು ಮಾಡ್ತೀಯಾ?"

"ಏನಿಲ್ರೀ ಅಕ್ಕಾರ. ಅರಿವಿ ಮುಚ್ಚೂಕಿಂತ ಮೊದ್ಲ ಮೂರು ಸಲ ತಟ್ಟತೀನಿ. ಒಳಗ ಗಾಳಿ ಇದ್ರ ಸಪ್ಪಳದಾಗ ಗೊತ್ತಾಗತೈತಿ. ನಮ್ಮ ಮನ್ಯಾಗ ಎಲ್ಲಾರೂ ಹಂಗ."

"ಗುಳ್ಳೆ ಏಳಲಿ ಅಂತಲೇ ಮಾಡಿದ ತಟ್ಟೆಯಲ್ಲಿ ಗಾಳಿ ಹುಡುಕ್ತೀಯಲ್ಲ, ಮಾರಾಯ್ತಿ." ವೈಜಯಂತಿ ನಕ್ಕರು. "ಫಲಕ ಬರೀ ಕೇಳಿಸಿಕೊಳ್ಳುತ್ತೆ ಅಂದ್ಕೊಂಡಿದ್ದೆ. ಇಲ್ಲಿ ತಟ್ಟಿದ್ದನ್ನು ಅದು ಅಲ್ಲಿ ಬಡಿಯುತ್ತೆ ಕೂಡ. ನಿನ್ನ ಮೂರು ಏಟು ಅಲ್ಲಿಯ ಹೊಂಡಕ್ಕೆ ಮುಟ್ಟಿದೆ. ನೆಲದೊಳಗೆ ಹೊಸದೇನೋ ಎದ್ದಿದೆ ಅಂತ ಮೂವರು ಭೂವಿಜ್ಞಾನಿಗಳು ಡೇರೆ ಹಾಕಿ ಕೂತಿದ್ದಾರೆ."

"ನನ್ನ ಕೆಲಸ ಹೋತೇನ್ರೀ?"

"ಇಲ್ಲ. ತಪ್ಪು ನನ್ನದು. ಇಲ್ಲಿಂದ ಅಲ್ಲಿಗೆ ಹೋಗೋ ವಾಪಸ್ ದಾರಿ ಮುಚ್ಚಿದರೆ ಮುಗೀತು."

ಮಲಪ್ರಭಾ ಬಟ್ಟೆ ಕೆಳಗಿಟ್ಟಳು. "ನಾ ತಟ್ಟಿದ ಮ್ಯಾಲ ಈ ಕೆಸರೂ ಮೂರು ಸಲ ಬಡೀತಿತ್ರಿ. ನಾಕು ತಿಂಗಳಾತು. ಮಣ್ಣಿನ ಗುಣ ಅನಕೊಂಡಿದ್ದೆ. ಒಂದಿನ ಜ್ವರ ಬಂದು ಬರಲಿಲ್ಲ. ಮರುದಿನ ಆರು ಸಲ ಬಡೀತು."

ವೈಜಯಂತಿ ಹಾಳೆಯ ಕೊನೆಯ ಸಾಲುಗಳನ್ನು ಮತ್ತೆ ಓದಿದರು. ಈ ಸಲ ಗಟ್ಟಿಯಾಗಿ. ಹೊಂಡ ಕಾಯುವ ಹೆಂಗಸೊಬ್ಬಳು ದಿನಾ ಮಧ್ಯಾಹ್ನ ದಡಕ್ಕೆ ಬಂದು ಫಲಕಕ್ಕೆ ಜೋಡಿಸಿದ ದಂಡವನ್ನು ಕೋಲಿನಿಂದ ತಟ್ಟುತ್ತಾಳೆ. ಏಕೆಂದು ಕೇಳಿದರೆ ಹೇಳುವುದಿಲ್ಲ.

"ಅಲ್ಲಿಯ ಮಧ್ಯಾಹ್ನ ನಮ್ಮ ಸಂಜೆ," ಎಂದು ಅವರು ಮೆಲ್ಲಗೆ ಹೇಳಿ, ವಾಪಸ್ ದಾರಿ ಮುಚ್ಚುವ ಗೋಡೆಯ ಸ್ವಿಚ್ಚಿನ ಕಡೆ ನಡೆದರು.

ಮಲಪ್ರಭಾ ಮೊದಲ ಬಾರಿಗೆ ಅವರ ಮುಖ ನೋಡಿ ಮಾತಾಡಿದಳು. "ಆಕೀಗೆ ಹೇಳಿ ಮುಚ್ಚರಿ ಅಕ್ಕಾರ. ಒಮ್ಮಿಗೇ ನಿಂತ್ರ, ನನಗೇನರ ಆತೋ ಅಂತ ಆಕಿ ಕಾಯತಾಳ."

ವೈಜಯಂತಿಯವರ ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು; ಒತ್ತಲಿಲ್ಲ.