ಯಾಳಿ ನಗದ ಬೆಳಗು

“ಮಾಘ ಬಹುಳ ತದಿಗೆ, ಬುಧವಾರ. ಇಂದು ಯಾಳಿ ನಗಲಿಲ್ಲ.”

ಬಹಳ ಹಿಂದೆ, ಇಮ್ಮಡಿಗಿರಿ ಎಂಬ ರಾಜ್ಯದಲ್ಲಿ, ಸಿರಿಯಬ್ಬೆ ತನ್ನ ದಿನಚರಿಯಲ್ಲಿ ಹೀಗೆ ಬರೆದಳು. ವಿದ್ಯಾಪೀಠದಲ್ಲಿ ಹನ್ನೆರಡು ವರ್ಷ ಓದಿದವಳು, ದೊಡ್ಡ ಮನೆತನದ ಹಿರಿಯಳು. ಅವಳು ಬರೆದಿಡದ ಸಂಗತಿ ನಡೆದೇ ಇಲ್ಲವೆಂದು ಊರು ನಂಬಿತ್ತು. ಅವಳೂ ನಂಬಿದ್ದಳು.

ರಾಜ್ಯದ ಬಾಗಿಲಲ್ಲಿ ಸಿಂಹದ ಮೈ, ಆನೆಯ ಸೊಂಡಿಲಿನ ಕಲ್ಲಿನ ಯಾಳಿ ಇತ್ತು. ದಿನಕ್ಕೊಮ್ಮೆ ಅದು ನಕ್ಕರೆ ಮಾಂತ್ರಿಕ ಕಾಳದಂತ ಒಳಗೆ ಕಾಲಿಡಲಾರ. ನಗಿಸುವವಳು ಸಿರಿಯಬ್ಬೆಯ ತಂಗಿ ಚೆಲುವಬ್ಬೆ.

“ಅಮ್ಮಾ, ಈ ಬೆಟ್ಟಕ್ಕೆ ಮೆಟ್ಟಿಲೆಷ್ಟು?” ಎಂದು ಯಾಳಿ ಕೇಳಿದರೆ, “ಹತ್ತು” ಎಂದು ನಡೆದುಬಿಡುವಳು. ಯಾಳಿ ಮೆಟ್ಟಿಲೆಣಿಸುತ್ತ ಕೂತು, ತಟ್ಟನೆ ಹೊಳೆದು, ಕಿವಿಯಲ್ಲಾಡಿಸಿ ನಗುವುದು. ಅದಕ್ಕೆ ತಾನಾಗಿ ಹೊಳೆಯುವವರೆಗೆ ಯಾರೂ ಬಾಯಿಬಿಡಬಾರದು. ಅದು ಆ ಬಾಗಿಲ ಕಟ್ಟಳೆ.

ಸಿರಿಯಬ್ಬೆ ತಂಗಿಯ ತಮಾಷೆಯ ಮಾತುಗಳನ್ನೆಲ್ಲ ಕಡತದಲ್ಲಿ ಬರೆದಿಟ್ಟಳು. ಕೆಳಗೆ ಅರ್ಥವನ್ನೂ ಬರೆದಳು: ‘ಹತ್ತು’ ಎಂದರೆ ಒಂದು ಸಂಖ್ಯೆ; ‘ಹತ್ತು’ ಎಂದರೆ ಏರು ಎಂಬ ಅಪ್ಪಣೆಯೂ ಹೌದು.

“ಬಿಡಿಸಿ ಬರೆದರೆ ಅದರ ಜೀವ ಹೋಗುತ್ತೆ ಕಣೇ ಅಕ್ಕಾ.”

“ಸುಮ್ಮನಿರೇ. ನಾಳೆಯ ಮಕ್ಕಳಿಗೆ ತಿಳಿಯಬೇಡವೆ? ನಾನು ಓದಿದವಳು.”

ಒಂದು ದಿನ ಪಂಡಿತನೊಬ್ಬ ಬಾಗಿಲ ಹೊರಗೆ ನಿಂತ. “ತಾಯೀ, ತಮ್ಮ ಬರವಣಿಗೆಯ ಕೀರ್ತಿ ಕೇಳಿ ಮೂರು ದೇಶ ದಾಟಿ ಬಂದೆ.” ಸಿರಿಯಬ್ಬೆ ಹಿಗ್ಗಿ, ತಾನೇ ಕಡತಗಳನ್ನು ಹೊರಿಸಿ ತಂದುಕೊಟ್ಟಳು. ಅವನೇ ಕಾಳದಂತ. ಯಾಳಿಯ ಪಕ್ಕ ಕೂತು ಅರ್ಥಗಳನ್ನೆಲ್ಲ ಅದಕ್ಕೆ ಓದಿ ಹೇಳಿದ.

ಮರುದಿನ ಚೆಲುವಬ್ಬೆ ಹೊಸ ಮಾತನ್ನೇ ಆಡಿದಳು. ಯಾಳಿ ಆಕಳಿಸಿತು. “ಮೊದಲು ಅರ್ಥ ಹೇಳು.”

ಯಾಳಿ ನಗಲಿಲ್ಲ; ಬಾಗಿಲು ತೆರೆಯಿತು. ಕಾಳದಂತ ಒಳನುಗ್ಗಿ ಚೆಲುವಬ್ಬೆಯನ್ನು ಕಲ್ಲಾಗಿಸಿದ. “ನಗಿಸು ಮುದುಕಿ, ಮೂರು ಅವಕಾಶ ಕೊಟ್ಟಿದ್ದೇನೆ. ಆಗದಿದ್ದರೆ ಇವಳು ಕಲ್ಲೇ,” ಎಂದ ಸಿರಿಯಬ್ಬೆಗೆ.

ಮೊದಲ ಸಲ ಸಿರಿಯಬ್ಬೆ ಮಾತು ಹೇಳಿ, ಅರ್ಥವನ್ನೂ ಹೇಳಿದಳು. ಯಾಳಿ ನಗಲಿಲ್ಲ. ಎರಡನೆಯ ಸಲ ಅರ್ಥ ಹೇಳಲಿಲ್ಲ, ಆದರೆ ತಡೆಯಲಾರದೆ “ತಿಳಿಯಿತೆ?” ಎಂದಳು. ಯಾಳಿ ಮುಖ ತಿರುಗಿಸಿತು. ಮೂರನೆಯ ಸಲ, ಅಲ್ಲೇ ಬಿದ್ದಿದ್ದ ಕಡತಗಳಿಗೆ ಯಾಳಿಯ ಕಣ್ಣೆದುರೇ ಬೆಂಕಿಯಿಟ್ಟಳು. ಆಮೇಲೆ ಒಂದೇ ಒಂದು ಮಾತಾಡಿ ಕೂತಳು.

“ಅರ್ಥ?” ಎಂದಿತು ಯಾಳಿ.

ಅವಳು ತುಟಿ ಕಚ್ಚಿಕೊಂಡಳು. ಹೊತ್ತು ನೆತ್ತಿಗೆ ಬಂತು, ವಾಲಿತು. ಯಾಳಿಯ ಒಂದು ಕಿವಿ ಅಲುಗಿತು. ಆಮೇಲೆ ಇನ್ನೊಂದು. ಅದು ಬೆಟ್ಟ ನಡುಗುವಂತೆ ನಕ್ಕಿತು. ಕಾಳದಂತ ಸುಣ್ಣದಂತೆ ಬಿರಿದು ಪುಡಿಯಾದ. ಚೆಲುವಬ್ಬೆ ಉಸಿರೆಳೆದಳು. ಸಿರಿಯಬ್ಬೆ ಆಡಿದ್ದು ಯಾವ ಮಾತೋ, ಅವಳು ಬರೆದಿಡಲಿಲ್ಲ.

ರಾಜ್ಯ ಸುಖವಾಗಿತ್ತು. ನಲವತ್ತು ಕಡತ ಬೂದಿಯಾಗಿದ್ದವು. ಅವುಗಳಲ್ಲಿದ್ದ ಮಾತು ಮತ್ತೆ ಯಾರನ್ನೂ ನಗಿಸಲಿಲ್ಲ. ಚೆಲುವಬ್ಬೆ ದಿನವೂ ಬಾಗಿಲಿಗೆ ಹೋಗಿ ಯಾಳಿಯನ್ನು ನಗಿಸುತ್ತಿದ್ದಳು. ಮನೆಗೆ ಬಂದು ಅಕ್ಕನಿಗೆ ಊಟ ಬಡಿಸಿ, ಮಂಡಿನೋವು ಹೇಗಿದೆಯೆಂದು ಕೇಳುತ್ತಿದ್ದಳು. ಅಕ್ಕನೆದುರು ಮಾತ್ರ, ಸಾಯುವವರೆಗೆ, ಒಂದು ತಮಾಷೆಯನ್ನೂ ಆಡಲಿಲ್ಲ.